ಇನ್ನೂರ ಎಂಬತ್ತು ಮೀಟರ್

ಗಜ್ವಾನ್ ಮೊದಲ ಸಲ ರಫೀಫಳ ಮುಂದೆ ಬಂದು ನಿಂತಾಗ ಅವನ ಬೂಟಿನ ತುಂಬ ಉಪ್ಪುಮಣ್ಣು ಮೆತ್ತಿತ್ತು, ಮುಖದ ತುಂಬ ಸಿಟ್ಟಿತ್ತು. ಕಚೇರಿಯ ನೆಲವನ್ನು ಆಗಷ್ಟೇ ಒರೆಸಿದ್ದರು. ಬಾಗಿಲಿನಿಂದ ಅವಳ ಮೇಜಿನವರೆಗೆ ಬಿಳಿ ಹೆಜ್ಜೆ ಮೂಡಿಸಿಕೊಂಡು ಬಂದವನೇ ತನ್ನ ಟ್ಯಾಬನ್ನು ಅವಳ ಕೀಬೋರ್ಡಿನ ಮೇಲೇ ಇಟ್ಟುಬಿಟ್ಟ.

“ಈ ಮ್ಯಾಪ್ ಮಾಡಿದ ಮಹಾನುಭಾವ ಯಾರ್ರೀ?”

“ಮಹಾನುಭಾವ ಯಾರೂ ಇಲ್ಲ, ನಾನೇ,” ಎಂದಳು ರಫೀಫ್. “ಮೊದ್ಲು ಟ್ಯಾಬ್ ಎತ್ಕೊಳ್ಳಿ. ಕೀ ಎಲ್ಲಾ ಒತ್ಕೊಳ್ತಿದೆ.”

“ಬೆಳಿಗ್ಗೆಯಿಂದ ಹನ್ನೆರಡು ಜನ ಬಿಸಿಲಲ್ಲಿ ಕೂತಿದೀವಿ. ನಾನು ನಿಂತಿರೋ ಜಾಗದ ನಂಬರ್ ಹಾಕಿದ್ರೆ ನಿಮ್ಮ ಮ್ಯಾಪು ಬರೀ ಹಸಿರು ತೋರಿಸ್ತಿದೆ. ಬಸ್ರಾದಲ್ಲಿ ಅಷ್ಟು ಹಸಿರು ಎಲ್ಲಿದೆ, ಕರ್ಕೊಂಡ್ಹೋಗಿ ತೋರಿಸಿ ನೋಡೋಣ!”

ಅವಳು ಟ್ಯಾಬಿನತ್ತ ಬಗ್ಗಿದಳು. ನಗು ಬಂತು. ತಡೆದುಕೊಂಡಳು. ಮತ್ತೆ ಬಂತು.

“ಉತ್ತರ ಬರೆಯೋ ಕಡೆ ಪೂರ್ವ ಬರ್ದಿದೀರಿ, ಪೂರ್ವ ಬರೆಯೋ ಕಡೆ ಉತ್ತರ. ಸದ್ಯಕ್ಕೆ ತಾವು ಕಪ್ಪು ಸಮುದ್ರ ದಾಟಿ ಯಾರದೋ ಗೋಧಿ ಹೊಲದಲ್ಲಿ ನಿಂತಿದೀರಿ. ಅಲ್ಲಿ ಚಳಿ ಅಂತೆ. ಸ್ವೆಟರ್ ತಂದಿದೀರಾ?”

ಅವನ ಕಿವಿ ಕೆಂಪಾಯಿತು. ಮೊದಲು ಕಿವಿ, ಆಮೇಲೆ ಕುತ್ತಿಗೆ. ಬಯಲಿನಲ್ಲಿ ಹನ್ನೆರಡು ಜನರಿಗೆ ಹುಕುಂ ಮಾಡುವ ಗಂಡಸು ಹೀಗೆ ಹುಡುಗಿಯಂತೆ ಕೆಂಪಾಗುವುದನ್ನು ರಫೀಫ್ ಎಲ್ಲೂ ನೋಡಿರಲಿಲ್ಲ. ಅವನು ಟ್ಯಾಬ್ ಎತ್ತಿಕೊಂಡು, ಬಂದ ಹೆಜ್ಜೆಗಳ ಮೇಲೇ ಹೆಜ್ಜೆಯಿಟ್ಟು ಬಾಗಿಲ ತನಕ ಹೋಗಿ, ಅಲ್ಲಿ ತಿರುಗಿ, “ನೆಲ ಗಲೀಜಾಯ್ತು, ಬೇಜಾರ್ ಮಾಡ್ಕೋಬೇಡಿ ಎಂಜಿನಿಯರಮ್ಮ,” ಅಂದ. ಅವತ್ತಿಡೀ ಅವಳಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಆ ಕಚೇರಿಯ ಕೆಲಸ ಇಷ್ಟು. ಇರಾನಿನೊಂದಿಗೆ ಯುದ್ಧ ನಡೆದಾಗ ಶತ್ ನದಿಯ ಆಚೆ ದಡದುದ್ದಕ್ಕೂ ಸೈನ್ಯ ಹೂತಿಟ್ಟ ನೆಲಬಾಂಬುಗಳು ಇನ್ನೂ ಮಣ್ಣಿನಲ್ಲೇ ಇದ್ದವು. ಎಲ್ಲೆಲ್ಲಿ ಹೂತಿದ್ದರೆಂದು ಅಂದಿನವರು ಗೀಚಿಟ್ಟ ಕಾಗದದ ನಕ್ಷೆಗಳು ಪೆಟ್ಟಿಗೆ ಪೆಟ್ಟಿಗೆಯಾಗಿ ಬರುತ್ತಿದ್ದವು. ರಫೀಫ್ ಅವನ್ನು ಕಂಪ್ಯೂಟರಿಗೆ ಏರಿಸಿ, ಸರ್ವರಿನಲ್ಲಿಟ್ಟು, ಒಂದೇ ಒಂದು ಲಿಂಕ್ ಕೊಡುತ್ತಿದ್ದಳು. ಯಾರಿಗೂ ನಕ್ಷೆ ಕಳಿಸುವ ಗೋಜಿಲ್ಲ. ಬಾಂಬು ತೆಗೆಯುವವರ ಟ್ಯಾಬು, ನೀರಿನ ಇಲಾಖೆಯ ಕಂಪ್ಯೂಟರು, ಪುರಸಭೆ, ಕುರಿ ಎಮ್ಮೆ ಮೇಯಿಸುವವರ ಮೊಬೈಲು, ಎಲ್ಲವೂ ಆ ಲಿಂಕಿನಿಂದಲೇ ಕೇಳಿ ಪಡೆಯುತ್ತಿದ್ದವು. ಅವಳು ಇಲ್ಲಿ ಒಂದು ಗೆರೆ ತಿದ್ದಿದರೆ ಎಲ್ಲರ ಪರದೆಯಲ್ಲೂ ಗೆರೆ ಬದಲಾಗುತ್ತಿತ್ತು. ಕೆಂಪಿದ್ದ ಕಡೆ ಯಾರೂ ಕಾಲಿಡುತ್ತಿರಲಿಲ್ಲ. ಕೆಂಪಿಲ್ಲದ ಕಡೆ ಜನ ನಿಶ್ಚಿಂತೆಯಿಂದ ಓಡಾಡುತ್ತಿದ್ದರು. ಅವಳಿಗೆ ಅದರ ಬಗ್ಗೆ ಹೆಮ್ಮೆಯಿತ್ತು. ಯಾಕಿರಬಾರದು?

ಗೋಧಿ ಹೊಲದ ಕಥೆ ಕೇಳಿ ಕಚೇರಿಯ ಮುಖ್ಯಸ್ಥ ಅಬು ಸರ್ಮದ್ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಕ್ಕಾದ ಮೇಲೆ ಹೊಸ ಕಟ್ಟಳೆ ಮಾಡಿದರು. ಇನ್ನು ಮೇಲೆ ದಿನಾ ಬೆಳಿಗ್ಗೆ ಆರೂವರೆಗೆ, ಡಿಟೆಕ್ಟರ್ ಹೊರತೆಗೆಯುವ ಮುಂಚೆ, ತಂಡದ ನಾಯಕ ಫೋನ್ ಮಾಡಬೇಕು. ತನ್ನ ಟ್ಯಾಬಿನಲ್ಲಿ ಕಾಣುವ ಬಾಂಬು ಹೊಲದ ನಾಲ್ಕು ಮೂಲೆಯ ನಂಬರುಗಳನ್ನು ಓದಬೇಕು. ಕಚೇರಿಯವರು ತಮ್ಮ ಪರದೆ ನೋಡಿ ತಿರುಗಿ ಓದಬೇಕು. ಎರಡೂ ಹೊಂದಿದರೆ ಕೆಲಸ ಶುರು.

ಹಾಗೆ ಶುರುವಾಯಿತು ನೋಡಿ ಅವರಿಬ್ಬರ ಕಥೆ.

“ಉತ್ತರ ಮೂವತ್ತು ಬಿಂದು ಐದು ಎರಡು ಒಂಬತ್ತು… ನೆಗಡಿ ಆಗಿದೆಯಾ?”

“ಆ ನಂಬರ್ ನನ್ನ ಸ್ಕ್ರೀನಲ್ಲಿ ಇಲ್ಲ.”

“ನನ್ನ ಕಿವೀಲಿದೆ. ಬಿಸಿನೀರು ಕುಡೀರಿ. ಪೂರ್ವ ನಲವತ್ತೇಳು ಬಿಂದು…”

“ನಿಧಾನ, ನಿಧಾನ. ರೈಲೇನೂ ಹೋಗ್ತಿಲ್ಲ.”

ಹಿಂದಿನಿಂದ ಮೈಥಮನ ದೊಡ್ಡ ಗಂಟಲು ಕೇಳಿಸುತ್ತಿತ್ತು. ಮೈಥಮ್ ಆ ತಂಡದ ಹಿರಿಯ. ಹಿಂದೆ ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ಗಜ್ವಾನನಿಗೆ ಮೊಣಕಾಲೂರಿ ಮಣ್ಣು ಕೆರೆಯುವುದನ್ನು ಕಲಿಸಿದವನೂ ಅವನೇ. “ಎಂಜಿನಿಯರಮ್ಮಾ, ಇವನನ್ನ ಬೇಗ ಮದುವೆ ಆಗ್ಬಿಡ್ರಮ್ಮ! ನಾಲ್ಕು ನಂಬರ್ ಓದೋಕೆ ಇಪ್ಪತ್ತು ನಿಮಿಷ ತಗೋತಾನೆ. ನಮ್ಮ ಟೀ ಆರಿ ತಣ್ಣಗಾಗ್ತಿದೆ!”

ರಫೀಫ್ ಫೋನನ್ನು ಎದೆಗೊತ್ತಿಕೊಂಡು ನಗುತ್ತಿದ್ದಳು. ಹೃದಯದ ಸದ್ದು ಆಚೆ ಕೇಳಿಸೀತೆಂದು ತಕ್ಷಣ ಕಿವಿಗೆ ಹಿಡಿಯುತ್ತಿದ್ದಳು.

ತಿಂಗಳಿಗೊಮ್ಮೆ ಅವನು ಲೆಕ್ಕದ ಹಾಳೆ ಕೊಡಲು ಕಚೇರಿಗೆ ಬರುತ್ತಿದ್ದ. ಬಂದಾಗ ಬೂಟು ಬಾಗಿಲಲ್ಲೇ ಬಿಡುತ್ತಿದ್ದ. ಫೋನಿನಲ್ಲಿ ಅಷ್ಟು ಮಾತಾಡುವವನಿಗೆ ಎದುರು ಕೂತರೆ ಬಾಯೇ ಬರುತ್ತಿರಲಿಲ್ಲ. ಟೀ ಲೋಟವನ್ನು ಬೆರಳ ತುದಿಯಲ್ಲಿ ತಿರುಗಿಸುತ್ತಾ, ಅವಳು ಪರದೆ ನೋಡುವಾಗ ಅವಳನ್ನು ನೋಡುತ್ತಿದ್ದ. ಅವಳು ನೋಡಿದರೆ ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದ. ಅದು ಎರಡು ವರ್ಷ ಹಳೆಯ ಕ್ಯಾಲೆಂಡರು.

“ಅದರಲ್ಲಿ ಅಷ್ಟೊಂದು ಏನಿದೆ?” ಎಂದು ಒಂದು ಸಲ ಕೇಳಿಯೇಬಿಟ್ಟಳು.

“ಮುಲೈಹ ಬಯಲು ಮುಗಿಯೋದು ಯಾವಾಗ ಅಂತ ಎಣಿಸ್ತಿದೀನಿ,” ಅಂದ ಗಜ್ವಾನ್. ಮುಲೈಹ ಎಂದರೆ ಮುಂದಿನ ವಾರ ಶುರುವಾಗಬೇಕಿದ್ದ ದೊಡ್ಡ ಕೆಲಸ. “ಅದು ಮುಗಿದ್ಮೇಲೆ ನಮ್ಮಕ್ಕನ್ನ ನಿಮ್ಮಮ್ಮನ ಹತ್ರ ಕಳಿಸ್ಲಾ?”

ಅವಳು ಅವನ ಲೋಟಕ್ಕೆ ಒಂದು ಚಮಚ ಸಕ್ಕರೆ ಹಾಕಿದಳು. ಅವನು ಸಕ್ಕರೆ ಹಾಕಿಕೊಳ್ಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವನು ಲೋಟ ಖಾಲಿ ಮಾಡಿದ.

ಮುಲೈಹದ ನಕ್ಷೆಗಳು ಬಂದದ್ದು ಆ ಸಂಜೆ. ಹತ್ತು ಕಟ್ಟು. ಬೇಗ ಏರಿಸಿ ಎಂದು ಅಬು ಸರ್ಮದ್ ತಲೆಯ ಮೇಲೆ ಕೂತಿದ್ದರು. ಹಳೆಯ ಸೈನ್ಯದ ಅಳತೆ ಶುರುವಾಗುವುದು ಒಂದು ಮೂಲದಿಂದ, ಈಗಿನ ಉಪಗ್ರಹಗಳ ಅಳತೆ ಇನ್ನೊಂದು ಮೂಲದಿಂದ. ಸೈನ್ಯದ ನಕ್ಷೆಗಳಲ್ಲೂ ಮೂಲ ಕಟ್ಟಿನಿಂದ ಕಟ್ಟಿಗೆ ಬೇರೆಯಾಗಿರಬಹುದು. ಎರಡರ ನಡುವಿನ ವ್ಯತ್ಯಾಸ ಎಷ್ಟೆಂದು ಸರ್ವರಿಗೆ ಹೇಳಿಕೊಡಬೇಕು. ಹೇಳಿಕೊಟ್ಟರೆ ಗೆರೆಗಳು ತಮ್ಮ ಜಾಗದಲ್ಲಿ ಕೂರುತ್ತವೆ. ರಫೀಫ್ ಮೊದಲ ಕಟ್ಟು ಬಿಚ್ಚಿ, ಯಾವ ಮೂಲವೆಂದು ನೋಡಿ, ಬರೆದು, ಅದನ್ನೇ ಹತ್ತಕ್ಕೂ ಹಾಕಿದಳು. ಯಾವಾಗಲೂ ಒಂದೊಂದನ್ನೂ ಬಿಚ್ಚಿ ನೋಡುವವಳು ಅವತ್ತು ನೋಡಲಿಲ್ಲ. ಅವಳ ತಲೆಯಲ್ಲಿ ಅವನ ಅಕ್ಕ ಉಡುಗೊರೆಯ ತಟ್ಟೆ ಹಿಡಿದು ಮನೆಗೆ ಬರುತ್ತಿದ್ದಳು. ಅಮ್ಮ ಏನನ್ನಬಹುದು, ತಾನು ಯಾವ ಬಟ್ಟೆ ಉಡಬೇಕು ಎಂದು ಯೋಚಿಸುತ್ತಾ ಗುಂಡಿ ಒತ್ತಿದಳು.

ಕೆಲಸ ಶುರುವಾಯಿತು. ದಿನಾ ಆರೂವರೆಗೆ ಫೋನು. ಅವನು ಓದಿದ, ಅವಳು ತಿರುಗಿ ಓದಿದಳು. ಒಂದು ಅಂಕಿಯೂ ಹೆಚ್ಚುಕಡಿಮೆ ಇರಲಿಲ್ಲ.

ಎಂಟು ದಿನ ಮಣ್ಣು ಕೆರೆದರೂ ಒಂದು ಬಾಂಬೂ ಸಿಗಲಿಲ್ಲ. ತುಕ್ಕು ಹಿಡಿದ ಡಬ್ಬಿ, ಮೊಳೆ, ಒಂದು ಚಮಚ. “ನಿಮ್ಮ ಸೈನಿಕರು ಹೂತಿಟ್ಟಿದ್ದು ಬರೀ ಸೋಮಾರಿತನಾನೇ,” ಎಂದು ಗಜ್ವಾನ್ ನಕ್ಕ. ಅವಳೂ ನಕ್ಕಳು. ಬಾಂಬಿಲ್ಲದಿದ್ದರೆ ಒಳ್ಳೆಯದೇ ಅಲ್ಲವೇ? ಬೇಗ ಮುಗಿಯುತ್ತದೆ. ಇಷ್ಟು ಜನ ತಿಳಿದವರು ಎಂಟು ದಿನ ಖುಷಿಪಟ್ಟರು. ಇಷ್ಟು ದೊಡ್ಡ ಹೊಲದಲ್ಲಿ ಒಂದೂ ಇಲ್ಲವೆಂದರೆ ಹೇಗೆ ಎಂದು ಒಬ್ಬರಿಗೂ ಹೊಳೆಯಲಿಲ್ಲ, ಅಯ್ಯೋ.

ಒಂಬತ್ತನೆಯ ದಿನ, ಹತ್ತು ಗಂಟೆಯ ಟೀಗೆ ಬೆಂಕಿ ಮಾಡಲು ಮೈಥಮ್ ಖರ್ಜೂರದ ಒಣ ಗರಿ ಆಯಲು ಹೋದ. ಅವನು ಹೋದದ್ದು ಕೆಂಪಿನ ಕಡೆಗಲ್ಲ. ವಿಶ್ರಾಂತಿಯ ಡೇರೆಯ ಹಿಂದೆ, ನಕ್ಷೆಯ ಪ್ರಕಾರ ಶುಭ್ರವಾಗಿದ್ದ ನೆಲದ ಕಡೆಗೆ. ಕಾಲಿಟ್ಟಲ್ಲೇ ಸಿಡಿಯಿತು. ಮಾತಾಡುತ್ತಲೇ ಇದ್ದನಂತೆ, ಸ್ವಲ್ಪ ಹೊತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದುಹೋಗಿತ್ತು.

ಮೂರನೆಯ ದಿನಕ್ಕೆ ತನಿಖೆ ಮುಗಿಯಿತು. ಎಲ್ಲೋ ಪ್ರವಾಹದಲ್ಲಿ ತೇಲಿಬಂದ ಒಂಟಿ ಬಾಂಬು ಎಂದು ಬರೆದರು. ನಕ್ಷೆ ಏನೇ ಹೇಳಲಿ, ಡೇರೆ ಹಾಕುವ ಜಾಗವನ್ನು ಮೊದಲು ಡಿಟೆಕ್ಟರಿನಿಂದ ನೋಡಬೇಕು ಎಂಬುದು ನಿಯಮ, ನಾಯಕ ನೋಡಿರಲಿಲ್ಲ, ತಪ್ಪು ನಾಯಕನದು ಎಂದೂ ಬರೆದರು. ಗಜ್ವಾನನನ್ನು ಕೆಲಸದಿಂದ ನಿಲ್ಲಿಸಿದರು. ಮೈಥಮನ ಕುಲದ ಹಿರಿಯರು ಸೇರಿ, ಸಾವಿಗೆ ಕಾರಣನಾದವನ ಮನೆಯವರು ಊರು ಬಿಡಬೇಕೆಂಬ ಅಲ್ಲಿಯ ರೂಢಿಯಂತೆ, ಗಜ್ವಾನನ ಮನೆಯವರು ಬಸ್ರಾ ಬಿಟ್ಟು ಹೋಗಬೇಕು ಎಂದು ಕೇಳಿದರು. ಗುರುವಾರ ತೀರ್ಮಾನ. ಅವನ ಮನೆಯೆಂದರೆ ವಿಧವೆ ಅಕ್ಕ, ಅವಳ ಮೂರು ಹೆಣ್ಣುಮಕ್ಕಳು, ಅವನು.

ಸಿಡಿದ ಜಾಗದ ನಂಬರ್ ಕೊಡಲು ಅವನು ಫೋನ್ ಮಾಡಿದ್ದ. ಮಧ್ಯೆ ಒಂದು ಮಾತಿಲ್ಲದೆ ಓದಿದ. ಅವಳು ಬರೆದುಕೊಂಡಳು. ಕೊನೆಗೆ, “ನಾನು ನೋಡ್ಬೇಕಿತ್ತು. ಮುನ್ನೂರು ಮೀಟರ್ ದೂರ ಇದೆಯಲ್ಲ ಅಂತ ಬಿಟ್ಟೆ,” ಅಂದ. “ನಿಮ್ಮ ಮ್ಯಾಪ್ ಅಲ್ವಾ ಅಂತ ಬಿಟ್ಟೆ.”

ಅವನದೇನೂ ತಪ್ಪಿಲ್ಲವೆಂದು ತೋರಿಸಲೇಬೇಕು ಎಂಬ ಹಟ ಹುಟ್ಟಿತು ರಫೀಫಳಿಗೆ. ಒಂಟಿ ಬಾಂಬು ಎಲ್ಲಿಂದ ತೇಲಿಬಂದಿರಬಹುದೆಂದು ಹುಡುಕಿದರೆ ಏನಾದರೂ ಸಿಕ್ಕೀತು. ಪೆಟ್ಟಿಗೆ ತೆಗೆದು ಮೂಲ ಕಾಗದಗಳನ್ನೇ ಮೇಜಿನ ಮೇಲೆ ಹರಡಿದಳು. ಏಳನೆಯ ಕಟ್ಟಿನ ರಟ್ಟಿನ ಮೇಲೆ, ಮೂಲೆಯಲ್ಲಿ, ಪೆನ್ಸಿಲಿನಲ್ಲಿ ಯಾರೋ ಸರ್ವೇಯರ್ ಬರೆದಿದ್ದ: ಇದೊಂದರ ಅಳತೆ ಬೇರೆ ಮೂಲದಿಂದ.

ಸ್ಕೇಲು ಹಿಡಿದು, ಲೆಕ್ಕ ಹಾಕಿ, ಸಿಡಿದ ಜಾಗವನ್ನು ಕಾಗದದ ಮೇಲೆ ಚುಕ್ಕೆಯಿಟ್ಟಳು. ಚುಕ್ಕೆ ಬಾಂಬುಗಳ ಮೂರನೆಯ ಸಾಲಿನ ಮೇಲೆ ಬಿತ್ತು. ಮತ್ತೆ ಲೆಕ್ಕ ಹಾಕಿದಳು. ಮತ್ತೆ ಅಲ್ಲೇ. ಅವಳ ಪರದೆಯ ಮೇಲೆ ಅದೇ ಸಾಲು ಇನ್ನೂರ ಎಂಬತ್ತು ಮೀಟರ್ ಪೂರ್ವಕ್ಕೆ, ಎಂಟು ದಿನ ಅವರು ಚಮಚ ಮೊಳೆ ಹೆಕ್ಕಿದ ಜಾಗದಲ್ಲಿ ಕೂತಿತ್ತು.

ಪ್ರವಾಹವೂ ಇಲ್ಲ, ಒಂಟಿ ಬಾಂಬೂ ಇಲ್ಲ. ಮೈಥಮ್ ಟೀಗೆ ಗರಿ ಆಯುತ್ತಿದ್ದದ್ದು ಬಾಂಬು ಹೊಲದ ನಟ್ಟನಡುವೆ. ಅವನನ್ನು ಅಲ್ಲಿ ನಿಲ್ಲಿಸಿದವಳು ತಾನು. ಅವಳು ಮೇಜಿನ ಕೆಳಗೆ ಕೂತು ಬಾಯಿಗೆ ದುಪಟ್ಟಾ ಒತ್ತಿಕೊಂಡಳು.

ಮೊದಲು ಮಾಡಬೇಕಾದ್ದನ್ನು ಮೊದಲು ಮಾಡಿದಳು, ಅಷ್ಟು ಬುದ್ಧಿ ಉಳಿದಿತ್ತು. ಏಳನೆಯ ಕಟ್ಟಿನ ಮೂಲ ಬದಲಿಸಿದಳು. ಕೆಂಪು ಪಟ್ಟಿ ಪರದೆಯ ಮೇಲೆ ಪಶ್ಚಿಮಕ್ಕೆ ಸರಿದು ತನ್ನ ಜಾಗದಲ್ಲಿ ಕೂತಿತು. ಅರೆಕ್ಷಣ ಹಿಡಿಯಲಿಲ್ಲ. ಅದು ಅಲ್ಲಿಯವರೆಗೆ ಬೇರೆಲ್ಲೋ ಇತ್ತು ಎಂಬುದಕ್ಕೆ ಒಂದು ಗುರುತೂ ಉಳಿಯಲಿಲ್ಲ.

ಆಮೇಲೆ ಅಬು ಸರ್ಮದರ ಕೋಣೆಗೆ ಹೋಗಿ ಹೇಳಿದಳು. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

“ಸರಿ ಮಾಡಿದ್ಯಾ?”

“ಮಾಡಿದೆ ಸರ್.”

“ಹಾಗಾದ್ರೆ ಮುಗೀತು. ಯಾರಿಗೂ ಹೇಳ್ಬೇಡ ಮಗಳೇ. ತನಿಖೆ ಮುಚ್ಚಿದಾರೆ.”

“ಗಜ್ವಾನ್ ಮನೆಯವರು ಊರು ಬಿಡ್ಬೇಕಾಗತ್ತೆ.”

“ನೀನು ಹೇಳಿದ್ರೆ ನೀನು ಬಿಡ್ಬೇಕಾಗತ್ತೆ. ನಿಮ್ಮಪ್ಪ ಇಲ್ಲ. ನಿಮ್ಮಮ್ಮ ಆ ಕಾಲು ಎಳ್ಕೊಂಡು ಎಲ್ಲಿಗೆ ಹೋಗ್ತಾರೆ? ಯೋಚ್ನೆ ಮಾಡು.”

“ಕುರಿ ಮೇಯಿಸೋರು ಮೊಬೈಲಿಗೆ ಮ್ಯಾಪ್ ಇಳಿಸಿಟ್ಕೊಂಡಿರ್ತಾರೆ ಸರ್. ಬಯಲಲ್ಲಿ ಸಿಗ್ನಲ್ ಇರಲ್ಲ. ಅವರ ಹತ್ರ ಹಳೇದೇ ಇದೆ ಇನ್ನೂ.”

“ವಾರದಲ್ಲಿ ತಾನಾಗೇ ಬದಲಾಗತ್ತೆ.”

“ವಾರದೊಳಗೆ ಇನ್ನೊಬ್ಬ ಗರಿ ಆಯೋಕೆ ಹೋದ್ರೆ?”

ಅವರು ಕನ್ನಡಕ ಹಾಕಿಕೊಂಡು ಕಿಟಕಿಯ ಕಡೆ ತಿರುಗಿದರು. ಕೆಟ್ಟ ಮನುಷ್ಯರಲ್ಲ ಅವರು. ಹೆದರಿದ ಮನುಷ್ಯರು.

ಮಂಗಳವಾರ ಮಧ್ಯಾಹ್ನ ಗಜ್ವಾನ್ ಟ್ಯಾಬ್ ಹಿಂತಿರುಗಿಸಲು ಬಂದ. ಬೂಟು ಬಿಡುವುದನ್ನು ಮರೆತಿದ್ದ. ಗಡ್ಡ ಬಿಟ್ಟಿದ್ದ, ಅಂಗಿಯ ಕಾಲರು ಒಂದು ಕಡೆ ಮಡಚಿಕೊಂಡಿತ್ತು. ಅದನ್ನು ಸರಿಮಾಡಬೇಕೆಂದು ರಫೀಫಳ ಕೈ ಎದ್ದು ಮೇಜಿನ ಮೇಲೇ ನಿಂತಿತು.

“ಕೂತ್ಕೊಳ್ಳಿ. ಒಂದು ತೋರಿಸ್ಬೇಕು.”

“ಏನೂ ಬೇಡ ಎಂಜಿನಿಯರಮ್ಮ. ಸಹಿ ಹಾಕಿ ಕೊಡಿ, ಹೋಗ್ತೀನಿ.”

“ಕೂತ್ಕೊಳ್ಳಿ ಅಂದೆ.”

ಅವಳು ಕಾಗದ ತೋರಿಸಿದಳು. ಪೆನ್ಸಿಲ್ ಬರಹ ತೋರಿಸಿದಳು. ಚುಕ್ಕೆ ತೋರಿಸಿದಳು. ಅವನು ಕೆಲಸ ಬಲ್ಲವನು, ಎರಡು ಸಲ ಹೇಳಬೇಕಾಗಿ ಬರಲಿಲ್ಲ. ಆದರೂ ಕೇಳಿದ.

“ದಿನಾ ಓದ್ತಿದ್ವಲ್ಲ? ನಾನೂ ಓದ್ದೆ, ನೀವೂ ಓದಿದ್ರಿ. ಹೊಂದ್ತಲ್ಲ?”

“ಇಬ್ಬರೂ ಒಂದೇ ಸರ್ವರಿಂದ ಓದ್ತಿದ್ವಿ. ನಾನು ತಪ್ಪು ಹಾಕಿಟ್ಟಿದ್ದೆ, ಅದನ್ನೇ ನೀವು ನಂಗೆ ಹೇಳಿದ್ರಿ, ಅದನ್ನೇ ನಾನು ನಿಮಗೆ ಹೇಳಿದೆ. ಒಬ್ರಾದ್ರೂ ಕಾಗದ ನೋಡ್ಬೇಕಿತ್ತು. ನಾನು ನೋಡ್ಬೇಕಿತ್ತು.”

ಅವನು ಕಾಗದದ ಮೇಲಿನ ಚುಕ್ಕೆಯ ಮೇಲೆ ಬೆರಳಿಟ್ಟ. ತೆಗೆಯಲೇ ಇಲ್ಲ.

“ಅವನು ಎಷ್ಟು ನಗ್ತಿದ್ದ ಗೊತ್ತಾ, ನಾವು ಓದೋವಾಗ,” ಅಂದ. “ಹೊಂದ್ತಾ ಹೊಂದ್ತಾ ಅಂತ ಕೇಳೋನು. ಹೊಂದ್ತು ಅಂದ್ರೆ ಎಲ್ರಿಗೂ ಕೂಗಿ ಹೇಳೋನು.”

ಅವಳು ಅತ್ತಳು. ಅವನು ಅಳಲಿಲ್ಲ.

“ಯಾಕೆ ಹೇಳಿದ್ರಿ?” ಎಂದ ಕೊನೆಗೆ. ಸಿಟ್ಟಿರಲಿಲ್ಲ, ನಿಜವಾಗಿ ತಿಳಿಯಬೇಕೆಂಬ ಹಾಗೆ ಕೇಳಿದ. “ನಂದೇ ತಪ್ಪು ಅಂತ ಒಪ್ಕೊಂಡಾಗಿತ್ತು. ಎಲ್ಲೋ ಹೋಗಿ ಇರ್ತಿದ್ದೆ. ನೀವು ಹೇಳದೆ ಇದ್ದಿದ್ರೆ, ಯಾವತ್ತಾದ್ರೂ ಒಂದಿನ ಬಂದು ನಿಮ್ಮನ್ನ ಮದುವೆ ಆಗ್ತಿದ್ದೆ.”

“ಗೊತ್ತು. ಅದಕ್ಕೇ ಹೇಳಿದ್ದು.”

“ಅರ್ಥ ಆಗ್ಲಿಲ್ಲ.”

“ನೀವಂದ್ರೆ ನಂಗೆ ಪ್ರಾಣ, ಗಜ್ವಾನ್. ನಿಮ್ಮ ಮನೇಲಿ ನಿಮಗೆ ಟೀ ಮಾಡ್ಕೊಡ್ತಾ, ಮೈಥಮಣ್ಣ ಸತ್ತಿದ್ದು ನಿಮ್ಮಿಂದ ಅಂತ ನೀವು ಕೊರಗೋದನ್ನ ನೋಡ್ತಾ, ಬಾಯಿ ಮುಚ್ಕೊಂಡು ಇರೋಕೆ ನನ್ನ ಕೈಲಿ ಆಗಲ್ಲ.”

ಹೀಗೆ ಅವಳು ಮೊದಲ ಸಲ ಅವನಿಗೆ ಪ್ರೀತಿಯ ಮಾತು ಹೇಳಿದ್ದು. ಇಂಥ ಹೊತ್ತಿನಲ್ಲಿ ಯಾರಾದರೂ ಹೇಳುತ್ತಾರೆಯೇ? ಅವನು ಎದ್ದು ನಿಂತ. ಟ್ಯಾಬನ್ನು ಮೇಜಿನ ಮೇಲಿಟ್ಟು ಹೊರಟುಹೋದ. ಸಹಿ ಹಾಕಿಸಿಕೊಳ್ಳಲಿಲ್ಲ.

ಅವಳು ಹೋಗಿ ಮುಖ ತೊಳೆದುಕೊಂಡು ಬಂದಳು. ನಕ್ಷೆಯ ಜೊತೆಗೆ ಒಂದು ಸೂಚನೆಯನ್ನೂ ಕಳಿಸುವ ವ್ಯವಸ್ಥೆ ಸರ್ವರಿನಲ್ಲಿತ್ತು; ಪ್ರವಾಹ ಬಂದರೆ, ರಸ್ತೆ ಮುಚ್ಚಿದರೆ ಬಳಸಲೆಂದು ಇಟ್ಟದ್ದು. ಲಿಂಕ್ ತೆರೆದ ಪ್ರತಿಯೊಂದು ಪರದೆಯಲ್ಲೂ ನಕ್ಷೆಗಿಂತ ಮೊದಲು ಅದೇ ಕಾಣುತ್ತಿತ್ತು. ಅವಳು ಬರೆದಳು:

“ಮುಲೈಹ ಬಯಲಿನ ನಕ್ಷೆ ಎರಡು ವಾರಕ್ಕೂ ಹೆಚ್ಚು ಕಾಲ ತಪ್ಪಾಗಿತ್ತು. ಬಾಂಬು ಹೊಲವನ್ನು ನಿಜವಾದ ಜಾಗಕ್ಕಿಂತ ಇನ್ನೂರ ಎಂಬತ್ತು ಮೀಟರ್ ಪೂರ್ವಕ್ಕೆ ತೋರಿಸುತ್ತಿತ್ತು. ಈಗ ಸರಿ ಮಾಡಿದೆ. ಫೋನಿನಲ್ಲಿ ಹಳೆಯ ನಕ್ಷೆ ಇಳಿಸಿಕೊಂಡವರು ಕೂಡಲೇ ಅಳಿಸಿ, ಹೊಸದನ್ನು ಇಳಿಸಿಕೊಳ್ಳಿ. ಮೈಥಮ್ ಅವರು ತೀರಿಹೋದದ್ದು ಈ ತಪ್ಪಿನಿಂದ. ತಪ್ಪು ನನ್ನದು. ತಂಡದ ನಾಯಕ ಗಜ್ವಾನ್ ನೋಡಿದ್ದು ನಾನು ತೋರಿಸಿದ್ದನ್ನೇ. ರಫೀಫ್ ಅಬ್ದುಲ್ ಹಸನ್, ನಕ್ಷೆ ವಿಭಾಗ.”

ಎರಡು ಸಲ ಓದಿದಳು. ಒತ್ತಿದಳು.

ನೀರಿನ ಇಲಾಖೆಯವರು ಮೊದಲು ಫೋನ್ ಮಾಡಿದರು. ಆಮೇಲೆ ಪುರಸಭೆ. ಆಮೇಲೆ ಎಮ್ಮೆ ಕಾಯುವ ಒಬ್ಬ ಮುದುಕ ಫೋನ್ ಮಾಡಿ, ಅಳಿಸುವುದು ಹೇಗೆಂದು ಕೇಳಿದ. ಅವಳು ಒಂದೊಂದೇ ಗುಂಡಿ ಹೇಳಿಕೊಟ್ಟಳು. “ನೀನೇನಾ ತಾಯೀ ಆ ತಪ್ಪು ಮಾಡಿದೋಳು?” ಎಂದು ಕೇಳಿದ. ಹೌದೆಂದಳು. ಅವನು ಫೋನ್ ಇಟ್ಟ. ಸಂಜೆಯ ಹೊತ್ತಿಗೆ ಅಬು ಸರ್ಮದ್ ಬಂದು, ನಾಳೆಯಿಂದ ಬರಬೇಡ ಎಂದರು. ಅವರ ಕಣ್ಣು ಕೆಂಪಾಗಿತ್ತು.

ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಬೀದಿಯೆಲ್ಲ ಸುದ್ದಿಯಾಗಿತ್ತು.

“ನಿಂಗೆ ತಲೆ ಸರಿ ಇದೆಯಾ?”

“ಇದೆ ಅಮ್ಮ.”

“ಊಟ ಮಾಡು ಬಾ ಮೊದ್ಲು. ಬೈಯೋದು ಆಮೇಲೆ ಬೈತೀನಿ.”

ಆದರೆ ಆಮೇಲೂ ಬೈಯಲಿಲ್ಲ. ಗುರುವಾರ ಜೊಂಡಿನ ಚಾವಡಿಯಲ್ಲಿ ಹಿರಿಯರು ಸೇರಿದರು. ರಫೀಫಳ ಪರವಾಗಿ ಅವಳ ಸೋದರಮಾವ ಹೋಗಿ ತಲೆತಗ್ಗಿಸಿ ಕೂತ. ಗಜ್ವಾನ್ ಎದ್ದುನಿಂತು, ನಿಯಮ ಮುರಿದದ್ದು ತಾನು, ತನ್ನ ಪಾಲು ತನಗಿರಲಿ ಎಂದನಂತೆ. ಹಿರಿಯರು ಅವನನ್ನು ಕೂರಿಸಿದರು. ರಫೀಫ್ ಬರೆದದ್ದನ್ನು ಊರೆಲ್ಲ ಓದಿತ್ತು. ರಫೀಫ್ ಮತ್ತು ಅವಳ ತಾಯಿ ಮೂರು ವರ್ಷ ಬಸ್ರಾಕ್ಕೆ ಕಾಲಿಡಬಾರದು ಎಂದು ತೀರ್ಮಾನವಾಯಿತು. ಅಮ್ಮನ ತಂಗಿ ನಾಸಿರಿಯಾದಲ್ಲಿದ್ದಳು. ಎರಡು ಟ್ರಂಕು, ಹೊಲಿಗೆ ಯಂತ್ರ, ಒಂದು ಚೀಲ ಪಾತ್ರೆ ಕಟ್ಟಿಕೊಂಡರು.

ಶುಕ್ರವಾರ ಬೆಳಿಗ್ಗೆ ಬಾಡಿಗೆ ಗಾಡಿಗಳ ಅಡ್ಡೆಗೆ ಬಂದರು. ಎಂಟು ಸೀಟು ತುಂಬಿದರೆ ಗಾಡಿ ಹೊರಡುತ್ತದೆ, ತುಂಬದಿದ್ದರೆ ದೇವರು ಬಂದರೂ ಹೊರಡುವುದಿಲ್ಲ. ಏಳು ತುಂಬಿತ್ತು. ಡ್ರೈವರ್ “ನಾಸಿರಿಯಾ, ನಾಸಿರಿಯಾ, ಒಬ್ರು, ಒಬ್ಬರೇ ಒಬ್ರು!” ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಅಮ್ಮ ಒಳಗೆ ಕೂತು ಕಾಲು ನೀವಿಕೊಳ್ಳುತ್ತಿದ್ದಳು. ರಫೀಫ್ ಟ್ರಂಕಿನ ಹಗ್ಗ ಸರಿಯಾಗಿದೆಯೇ ಎಂದು ನೋಡುತ್ತಿದ್ದಾಗ ಪಕ್ಕದಲ್ಲಿ ಗಜ್ವಾನ್ ಬಂದು ನಿಂತ. ಗಡ್ಡ ತೆಗೆದಿದ್ದ. ಇನ್ನೂ ತೆಳ್ಳಗಾಗಿದ್ದ.

“ಹಗ್ಗ ಸಡಿಲ ಇದೆ,” ಎಂದು ಅವಳ ಕೈಯಿಂದ ತೆಗೆದುಕೊಂಡು ಬಿಗಿದ.

“ನೀವು ಬರ್ಬಾರ್ದಿತ್ತು. ಜನ ನೋಡ್ತಾರೆ.”

“ನೋಡ್ಲಿ.”

ಅವನು ಗಂಟು ಹಾಕಿದ, ಬಿಚ್ಚಿದ, ಮತ್ತೆ ಹಾಕಿದ. ಅವಳು ಅವನ ಕೈಯನ್ನೇ ನೋಡಿದಳು. ಮುಖ ನೋಡುವ ಧೈರ್ಯ ಬರಲಿಲ್ಲ.

“ಕೆಲಸಕ್ಕೆ ವಾಪಸ್ ಕರೆದಿದಾರೆ,” ಅಂದ. “ಮುಲೈಹಕ್ಕೇ. ನಾಳೆಯಿಂದ.”

“ಮೈಥಮಣ್ಣನ ಮನೆಗೆ ಹೋಗಿದ್ರಾ?”

“ಹೋಗಿದ್ದೆ. ಅವನ ಹೆಂಡ್ತಿ ಬಾಗಿಲು ತೆಗೆದ್ರು. ಹಾಗೇ ನೋಡ್ತಾ ನಿಂತಿದ್ರು.” ಅವನು ಹಗ್ಗ ಬಿಟ್ಟ. “ರಫೀಫ್, ಒಂದು ಹೇಳ್ತೀನಿ. ನಿನ್ನ ಕ್ಷಮಿಸಿದೀನಿ ಅಂತ ಸುಳ್ಳು ಹೇಳೋಕೆ ಬಂದಿಲ್ಲ ನಾನು. ಕಣ್ಣು ಮುಚ್ಚಿದ್ರೆ ಅವನು ಕಾಣ್ತಾನೆ. ಅವನ ಹಿಂದೇನೇ ನೀನೂ ಕಾಣ್ತೀಯ. ಬೇರೆ ಮಾಡೋಕೆ ಆಗ್ತಿಲ್ಲ.”

ಅವನು ಅವಳನ್ನು ‘ನೀನು’ ಎಂದದ್ದು ಅದೇ ಮೊದಲು. ಎಷ್ಟು ದಿನ ಕಾದಿದ್ದಳು ಅದಕ್ಕೆ! ಬಂದಾಗ ಹೀಗೆ ಬಂತು.

“ನಾನೂ ಕ್ಷಮಿಸು ಅಂತ ಕೇಳಲ್ಲ,” ಅಂದಳು. “ನಂಗೇ ನನ್ನ ಕ್ಷಮಿಸೋಕೆ ಆಗ್ತಿಲ್ಲ. ನೀವು ಬೇರೆ ಯಾರನ್ನಾದ್ರೂ ನೋಡ್ಕೊಂಡು…”

“ಅದನ್ನ ಮಾತ್ರ ಹೇಳ್ಬೇಡ. ಕ್ಷಮಿಸಿಲ್ಲ ಅನ್ನೋದೂ ನಿಜ, ನೀನು ಬೇಕು ಅನ್ನೋದೂ ನಿಜ. ಎರಡೂ ಒಟ್ಟಿಗೆ ಇದ್ರೆ ಏನ್ ಮಾಡ್ಬೇಕು ಅಂತ ಯಾರೂ ನಂಗೆ ಹೇಳ್ಕೊಟ್ಟಿಲ್ಲ.”

ದೂರದಲ್ಲಿ ಒಬ್ಬ ದಪ್ಪ ಮನುಷ್ಯ ಎರಡು ಚೀಲ ಹೊತ್ತು ಗಾಡಿಯ ಕಡೆಗೇ ಬರುತ್ತಿದ್ದ. ಎಂಟನೆಯ ಸೀಟು. ಇನ್ನು ಒಂದು ನಿಮಿಷ, ಹೆಚ್ಚೆಂದರೆ ಎರಡು. ಅವಳು ಕೊನೆಗೂ ತಲೆಯೆತ್ತಿ ಅವನ ಮುಖವನ್ನು ಪೂರ್ತಿ ನೋಡಿದಳು. ಹಣೆಯ ಮೇಲಿನ ಬಿಸಿಲಿನ ಗೆರೆ, ಎಡ ಹುಬ್ಬಿನ ಮೇಲಿನ ಹಳೆಯ ಗಾಯ, ಒಡೆದ ತುಟಿ. ಮೂರು ವರ್ಷಕ್ಕೆ ಆಗುವಷ್ಟು ನೋಡಿಕೊಳ್ಳಬೇಕಿತ್ತು.

“ನಾಸಿರಿಯಾನಾ?” ಎಂದು ದಪ್ಪ ಮನುಷ್ಯ ಕೇಳಿದ.

“ಇಲ್ಲಣ್ಣ, ಸೀಟಿಲ್ಲ,” ಅಂದ ಡ್ರೈವರ್. “ಎಂಟನೇದನ್ನ ಈಗಷ್ಟೇ ಇವ್ರು ಬಂದು ಹಿಡ್ಕೊಂಡ್ರು. ಹಿಡ್ಕೊಂಡು ಹಗ್ಗ ಕಟ್ತಾನೇ ಇದಾರೆ, ನಾನಿಲ್ಲಿ ಸುಮ್ನೆ ಕಾಯ್ಕೊಂಡು ಸಾಯ್ತಿದೀನಿ! ಬರ್ತೀರೇನಪ್ಪಾ, ಇಲ್ಲಾ ಇನ್ನೊಬ್ರಿಗೆ ಕೊಡ್ಲಾ?”

ರಫೀಫ್ ಗಜ್ವಾನನನ್ನು ನೋಡಿದಳು. ಅವನ ಕಿವಿ ಕೆಂಪಾಗಿರಲಿಲ್ಲ. ಮುಖ ಮಣ್ಣಿನ ಬಣ್ಣಕ್ಕಿತ್ತು.

“ಬರ್ತೀನಿ,” ಅಂದ ಡ್ರೈವರಿಗೆ.

ಅವನು ಮುಂದಿನ ಸೀಟಿನಲ್ಲಿ ಕೂತ. ಅವಳು ಹಿಂದೆ ಅಮ್ಮನ ಪಕ್ಕದಲ್ಲಿ. ಗಾಡಿ ಅಡ್ಡೆ ದಾಟಿತು, ಬೆಂಕಿ ಉಗುಳುವ ತೈಲಬಾವಿಗಳನ್ನು ದಾಟಿತು, ಒಣಗಿ ನಿಂತ ಖರ್ಜೂರದ ಬೊಡ್ಡೆಗಳನ್ನು ದಾಟಿತು. ಅಮ್ಮ ಬಹಳ ಹೊತ್ತು ಅವನ ಕತ್ತಿನ ಹಿಂಭಾಗವನ್ನೇ ನೋಡುತ್ತಿದ್ದು, ಆಮೇಲೆ ಮುಂದೆ ಬಗ್ಗಿ ಕೇಳಿದಳು.

“ನೀನೆಲ್ಲಿ ಇಳೀತೀಯಪ್ಪ?”

“ನೀವು ಇಳಿಯೋವಲ್ಲಿ ಖಾಲಾ. ಟ್ರಂಕು ಇಳಿಸ್ಕೊಟ್ಟು ಸಂಜೆ ಗಾಡಿಗೆ ವಾಪಸ್ ಬರ್ತೀನಿ. ನಾಳೆ ಕೆಲಸ ಇದೆ.”

“ಬರೀ ಟ್ರಂಕು ಇಳ್ಸೋಕೆ ಮೂರು ಗಂಟೆ ದಾರಿ ಬರ್ತಿದೀಯಾ?”

ಅವನು ತಿರುಗಲಿಲ್ಲ. ರಸ್ತೆ ನೋಡುತ್ತಲೇ ಹೇಳಿದ.

“ಮುಂದಿನ ಶುಕ್ರವಾರಕ್ಕೂ ಸೀಟು ಹೇಳಿದೀನಿ ಖಾಲಾ. ಅದರ ಮುಂದಿನದಕ್ಕೂ. ನಿಮ್ಮ ಮಗಳನ್ನ ಕ್ಷಮಿಸೋಕೆ ಎಷ್ಟು ಶುಕ್ರವಾರ ಬೇಕಾಗತ್ತೋ ನಂಗೆ ಗೊತ್ತಿಲ್ಲ. ಅಷ್ಟು ದಿನ ಬರ್ತೀನಿ. ಆಗೋದೇ ಇಲ್ಲ ಅಂತ ಗೊತ್ತಾದ್ರೆ, ಅದನ್ನೂ ಬಂದೇ ಹೇಳ್ತೀನಿ.”

ಅಮ್ಮ ಸೀಟಿಗೊರಗಿದಳು. ಮಗಳ ಕೈಯನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡು ಗಟ್ಟಿಯಾಗಿ ಹಿಡಿದಳು. ರಫೀಫ್ ಕಿಟಕಿಯ ಕಡೆ ಮುಖ ತಿರುಗಿಸಿ ನಾಸಿರಿಯಾದವರೆಗೂ ಅಳುತ್ತಲೇ ಇದ್ದಳು.